ಎದೆಯ ಮೇಲಿನ ಗೆರೆ ನಮ್ಮದು, ಫೈಲಿನ ಭಾಷೆ ಯಾರದು?

ಗೋಕರ್ಣದ ಓಂ ಬೀಚಿಗೆ ನಮ್ಮ ಬಳಗದ ಹನ್ನೊಂದು ಹುಡುಗರು ಹೋದದ್ದು ಮಜಾ ಮಾಡುವುದಕ್ಕೇ. ಅದರಲ್ಲಿ ಮುಚ್ಚಿಡುವುದೇನಿದೆ? ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಶನಿವಾರ ಬೆಳಿಗ್ಗೆ ಸಮುದ್ರಕ್ಕೆ ಬಿದ್ದೆವು. ಆದರೆ ನಾಮಫಲಕ ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ರಜೆ ಎಂಬುದಿಲ್ಲ. ತಿಂಡಿಗೆ ಕೂತ ಕಡೆ ಕೈಗೆ ಬಂದ ಮೆನು ಕಾರ್ಡಿನಲ್ಲಿ ಇಂಗ್ಲಿಷ್ ಇತ್ತು, ಹೀಬ್ರೂ ಇತ್ತು, ಕುಮಟಾ ತಾಲ್ಲೂಕಿನ ಭಾಷೆ ಮಾತ್ರ ಇರಲಿಲ್ಲ. ನಮ್ಮವನೊಬ್ಬ ಆಗಲೇ ಎದ್ದು ನಿಂತು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡಿದ್ದ. ಅಷ್ಟರಲ್ಲಿ ಇನ್ನೊಬ್ಬ ಬಂಡೆಯ ಕಡೆ ಕೈ ತೋರಿಸಿದ. ಅಲ್ಲಿ ಅಪಾಯದ ಬೋರ್ಡು ಇತ್ತು, ನೀರಿಗಿಳಿಯಬೇಡಿ ಎಂದು. ಅದು ಕನ್ನಡದಲ್ಲಿತ್ತು. ಸಾಯುವ ವಿಷಯ ಬಂದಾಗಲಾದರೂ ಕನ್ನಡ ನೆನಪಾಗುತ್ತದಲ್ಲ ಎಂದು ನಕ್ಕೆವು.

ಆ ನಗು ಎಷ್ಟು ದಡ್ಡತನದ್ದು ಎಂದು ತಿಳಿದದ್ದು ಅದೇ ದಿನ ಸಂಜೆ.

ನಮ್ಮೊಡನೆ ಬಂದವರಲ್ಲಿ ಒಬ್ಬ ಅದೇ ಕರಾವಳಿಯವನು. ತದಡಿಯ ಮೀನುಗಾರರ ಮನೆಯ ಹುಡುಗ. ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಪ್ರತಿಭಟನೆ ಎಂದರೆ ಮೊದಲು ಬರುವವನು, ಈ ಪತ್ರಿಕೆಯ ಕಟ್ಟನ್ನು ಹೆಗಲ ಮೇಲೆ ಹೊತ್ತು ಕಾಲೇಜು ಕಾಲೇಜು ಅಲೆಯುವವನು. ನೀರಿಗಿಳಿಯುವಾಗ ಅಂಗಿ ತೆಗೆದ. ಕತ್ತಿನ ಕೆಳಗಿನಿಂದ ಹೊಟ್ಟೆಯ ತನಕ, ಎದೆಯ ನಟ್ಟನಡುವೆ, ಅಳತೆಪಟ್ಟಿ ಇಟ್ಟು ಎಳೆದಂತೆ ಒಂದು ಗೆರೆ.

"ಏನೋ ಇದು?" ಎಂದೆ.

"ಚಿಕ್ಕವನಿದ್ದಾಗ ಹಾರ್ಟಲ್ಲಿ ತೂತಿತ್ತಂತೆ. ಆಪರೇಷನ್ ಮಾಡಿ ಮುಚ್ಚಿದಾರಂತೆ. ಈಗೇನಿಲ್ಲ, ಎಲ್ಲಾ ಸರಿಯಾಗಿದೆಯಂತೆ" ಎಂದ.

ಮೂರು ವಾಕ್ಯ, ಮೂರು 'ಅಂತೆ'. ತನ್ನದೇ ಎದೆಯೊಳಗಿನ ಸುದ್ದಿ ಅವನಿಗೆ ಯಾರೋ ಹೇಳಿದ ಊರಿನ ಸುದ್ದಿಯ ಹಾಗೆ ಬಂದಿದೆ. ಆಗ ನಾನೂ ಅದನ್ನು ಗಮನಿಸಲಿಲ್ಲ. ಮಧ್ಯಾಹ್ನ ಹಾಫ್ ಮೂನ್ ಬೀಚಿಗೆ ಹೋಗುವ ಗುಡ್ಡದ ಕಾಲುದಾರಿಯಲ್ಲಿ ಅವನು ಎರಡು ಸಲ ಕೂತ. ತುಟಿ ಕಚ್ಚಿ ಉಸಿರು ಎಳೆದುಕೊಂಡ. ಈ ಗುಡ್ಡ ಹತ್ತಿ ಬೆಳೆದ ಹುಡುಗ ಬೆಂಗಳೂರಿನ ಗಾಳಿ ಕುಡಿದು ಕೆಟ್ಟ ಎಂದು ನಾವು ರೇಗಿಸಿದೆವು. ಅವನೂ ನಕ್ಕ. "ಒಂದು ವರ್ಷದಿಂದ ಹೀಗೇ, ಎದೆ ಒಮ್ಮೊಮ್ಮೆ ಡವಡವ ಅಂತದೆ" ಎಂದ.

ಸಂಜೆ ಅವನ ಮನೆಯಲ್ಲಿ ಮೀನುಸಾರಿನ ಊಟ. ಊಟವಾದ ಮೇಲೆ ಅವನ ತಾಯಿಯ ಹತ್ತಿರ ಆ ಗೆರೆಯ ಮಾತು ತೆಗೆದೆ. ಆಕೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಅದರೊಳಗೆ ಇನ್ನೊಂದು ಕವರು, ಅದರೊಳಗೆ ನಾಲ್ಕಾಗಿ ಮಡಚಿದ ಹಾಳೆಗಳು. ಮಡಿಕೆಯ ಜಾಗ ಹರಿಯುವಂತಿತ್ತು, ಮೂಲೆಗೆ ಅರಿಶಿನ ಕುಂಕುಮ ಹತ್ತಿತ್ತು. ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಆ ತಾಯಿ ಆ ಕಾಗದವನ್ನು ದೇವರ ಪಟದ ಜೊತೆ ಇಟ್ಟು ಕಾಪಾಡಿದ್ದಾರೆ. ಓದಿಲ್ಲ. ಓದುವುದು ಹೇಗೆ? ಆಕೆ ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವರು. ಕನ್ನಡ ಅಕ್ಷರ ಕೂಡಿಸಿ ಓದುತ್ತಾರೆ. ಕಾಗದವಿದ್ದದ್ದು ಇಂಗ್ಲಿಷಿನಲ್ಲಿ.

"ಆಪ್ರೇಸನ್ ಚಲೋ ಆಯ್ತು, ಮನೆಗೆ ಕರ್ಕೊಂಡು ಹೋಗಿ ಅಂದ್ರು. ನಮ್ಗೆ ಮತ್ತೆಂತಾ ಬೇಕಾಗಿತ್ತು ತಮ್ಮಾ?" ಎಂದರು.

ನಾನು ಹಾಳೆ ಬಿಡಿಸಿ ಓದಿದೆ. ಕೊನೆಯ ಪುಟದ ಕೆಳಗೆ ಮೂರು ಸಾಲು. ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು. ಪಲ್ಮನರಿ ಕವಾಟ ಸೋರುತ್ತಿದೆ. ಮುಂದೆ ಕವಾಟ ಬದಲಿಸಬೇಕಾಗಬಹುದು. ಇಷ್ಟೇ. ಆ ತಾಯಿಗೂ ಮಗನಿಗೂ ಯಾರೂ ಹೇಳದ ಮೂರು ಸಾಲು. ಬಂಡೆಯ ಮೇಲಿನ ಅಪಾಯದ ಬೋರ್ಡು ಕನ್ನಡದಲ್ಲಿತ್ತು ಎಂದು ಬೆಳಿಗ್ಗೆ ನಕ್ಕಿದ್ದೆವಲ್ಲ, ಎದೆಯೊಳಗಿನ ಅಪಾಯದ ಬೋರ್ಡು ಇಂಗ್ಲಿಷಿನಲ್ಲಿ ಬರೆದು ಟ್ರಂಕಿನಲ್ಲಿ ಮಡಚಿಟ್ಟಿತ್ತು.

ಆ ಆಸ್ಪತ್ರೆಯ ಹೆಸರು ನಾನು ಬರೆಯುವುದಿಲ್ಲ. ಅವರು ಈ ಹುಡುಗನನ್ನು ಬದುಕಿಸಿದವರು, ಅವರ ಕೈಗೆ ನಮಸ್ಕಾರ. ನನ್ನ ಜಗಳ ಕತ್ತರಿ ಹಿಡಿದ ಕೈಯೊಂದಿಗಲ್ಲ, ಪೆನ್ನು ಹಿಡಿದ ಕೈಯೊಂದಿಗೆ.

ವಿಷಯ ಏನೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಓದುತ್ತಿರುವವರಲ್ಲಿ ಇಂಥ ಗೆರೆ ಇರುವವರು ಖಂಡಿತ ಇದ್ದೀರಿ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು ಎಂಟರಿಂದ ಒಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆಂದು ಅಂದಾಜು. ನಮ್ಮ ಜನ ಎಲ್ಲವನ್ನೂ 'ಹಾರ್ಟಲ್ಲಿ ತೂತು' ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ಆದರೆ ತೂತು ತೂತಿಗೂ ವ್ಯತ್ಯಾಸವಿದೆ. ಮೇಲಿನ ಎರಡು ಕೋಣೆಗಳ ನಡುವಿನ ಸಣ್ಣ ರಂಧ್ರವನ್ನು ಬಾಲ್ಯದಲ್ಲೇ ಮುಚ್ಚಿದ್ದರೆ ಬಹುಪಾಲು ಜನ ನಿಶ್ಚಿಂತೆಯಿಂದ ಬದುಕುತ್ತಾರೆ. ಆದ್ದರಿಂದ ಗೆರೆ ಇದ್ದವರೆಲ್ಲ ಇವತ್ತು ರಾತ್ರಿ ನಿದ್ದೆಗೆಡಬೇಡಿ.

ನಮ್ಮ ಗೆಳೆಯನಿಗೆ ಇದ್ದದ್ದು ಬೇರೆ. ವೈದ್ಯರು ಟೆಟ್ರಾಲಜಿ ಆಫ್ ಫ್ಯಾಲಟ್ ಎನ್ನುತ್ತಾರೆ. 1888ರಲ್ಲಿ ಅದನ್ನು ಕೂಲಂಕಷವಾಗಿ ವಿವರಿಸಿದ ಫ್ರಾನ್ಸಿನ ವೈದ್ಯನ ಹೆಸರು ಅದು. ಕೆಳಗಿನ ಕೋಣೆಗಳ ನಡುವೆ ರಂಧ್ರ, ಜೊತೆಗೆ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೇ ಇಕ್ಕಟ್ಟು. ಮಗು ಅತ್ತರೆ ನೀಲಿಗಟ್ಟುತ್ತದೆ, ನಾಲ್ಕು ಹೆಜ್ಜೆ ನಡೆದು ಕುಕ್ಕರುಗಾಲಲ್ಲಿ ಕೂರುತ್ತದೆ. 1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ವಾಲ್ಟನ್ ಲಿಲೇಹೈ ಇದನ್ನು ಮೊದಲ ಬಾರಿಗೆ ಪೂರ್ತಿಯಾಗಿ ಸರಿಪಡಿಸಿದರು. ರಂಧ್ರಕ್ಕೆ ತೇಪೆ ಹಾಕುವುದು, ಇಕ್ಕಟ್ಟಿನ ದಾರಿಯನ್ನು ಅಗಲಿಸುವುದು. ಕವಾಟದ ಉಂಗುರವೇ ತೀರಾ ಸಣ್ಣದಿದ್ದರೆ ಅದನ್ನೂ ಅಡ್ಡ ಸೀಳಿ ಅಲ್ಲೂ ತೇಪೆ ಹಾಕುತ್ತಾರೆ. ದಾರಿ ಬಿಟ್ಟಿತು, ಮಗು ಕೆಂಪಗಾಯಿತು, ಓಡಿತು, ಆಡಿತು. ಆದರೆ ಆ ಬಾಗಿಲು ಇನ್ನು ಮುಚ್ಚುವುದಿಲ್ಲ. ಪ್ರತಿ ಬಡಿತಕ್ಕೂ ಶ್ವಾಸಕೋಶಕ್ಕೆ ಹೋದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೆ ಸೋರುತ್ತದೆ.

ಬಹಳ ವರ್ಷ ವೈದ್ಯರೇ ಈ ಸೋರಿಕೆಯನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಮಗು ಬದುಕಿತಲ್ಲ, ಅದೇ ದೊಡ್ಡದು. ಹೀಗೆ ಬದುಕಿದ ಮಕ್ಕಳು ದೊಡ್ಡವರಾಗಿ ಇಪ್ಪತ್ತು, ಮೂವತ್ತು ದಾಟಿದ ಮೇಲೆ ಸತ್ಯ ಗೊತ್ತಾಯಿತು. ಸೋರಿ ಬಂದ ರಕ್ತವನ್ನು ಮತ್ತೆ ಮತ್ತೆ ದೂಡಿ ಬಲಗಡೆಯ ಕೆಳಕೋಣೆ ಹಿಗ್ಗುತ್ತಾ ಹೋಗುತ್ತದೆ. ನೋವಿಲ್ಲ, ಜ್ವರವಿಲ್ಲ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತದ ತಾಳ ತಪ್ಪುವುದು, ಕಣ್ಣು ಕತ್ತಲೆ ಬರುವುದು. ಕೆಲವರಲ್ಲಿ ಯಾವ ಸೂಚನೆಯೂ ಇಲ್ಲದೆ ಹೃದಯ ನಿಂತೇ ಹೋಗುತ್ತದೆ. ಇಲ್ಲಿ ಮುಖ್ಯ ಮಾತು ಒಂದಿದೆ: ಸರಿಯಾದ ಕಾಲಕ್ಕೆ ಹೊಸ ಕವಾಟ ಹಾಕಿದರೆ ಹಿಗ್ಗಿದ ಕೋಣೆ ಮತ್ತೆ ಕುಗ್ಗುತ್ತದೆ. ತಡವಾದರೆ, ಕವಾಟ ಹಾಕಿದರೂ ಅದು ಹಳೆಯ ಆಕಾರಕ್ಕೆ ಬರುವುದಿಲ್ಲ. ಆ ಕಾಲ ಯಾವಾಗ ಬಂತೆಂದು ಹೇಳುವುದು ಹುಡುಗನ ಮೈಯಲ್ಲ. ವರ್ಷ ವರ್ಷ ಮಾಡಿಸುವ ಎಕೋ, ಅಗತ್ಯ ಬಿದ್ದಾಗ ಎಂ.ಆರ್.ಐ. ಅದಕ್ಕೇ ಆ ಮೂರು ಸಾಲು ಬೇಕಾಗಿತ್ತು.

ಹೊಸ ಕವಾಟ ಎಂದರೆ ಅದೂ ಆಜೀವ ಚಂದಾ ಅಲ್ಲ. ದನದ ಹೃದಯದ ಪೊರೆಯಿಂದಲೋ ಹಂದಿಯ ಕವಾಟದಿಂದಲೋ ಮಾಡಿದ್ದು ಹತ್ತು ಹದಿನೈದು ವರ್ಷ ಬರುತ್ತದೆ, ಎಳೆಯರಲ್ಲಿ ಇನ್ನೂ ಬೇಗ ಸವೆಯುತ್ತದೆ. ಮಗುವಿಗೆ ಹಾಕಿದ್ದಾದರೆ ಮಗು ಬೆಳೆಯುತ್ತದೆ, ಕವಾಟ ಬೆಳೆಯುವುದಿಲ್ಲ. ಈಗ ಪ್ರತಿ ಸಲವೂ ಎದೆ ಸೀಳಬೇಕೆಂದಿಲ್ಲ. 2000ದಲ್ಲಿ ಪ್ಯಾರಿಸಿನಲ್ಲಿ ಹನ್ನೆರಡು ವರ್ಷದ ಹುಡುಗನಿಗೆ ರಕ್ತನಾಳದ ಮೂಲಕವೇ ನಳಿಕೆ ತೂರಿಸಿ ಈ ಕವಾಟ ಕೂರಿಸಿದರು. ಇಂದು ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೂ ಅದು ನಡೆಯುತ್ತಿದೆ. ಇನ್ನು ಲೋಹದ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಸೋತು ಸೋತು ಕೊನೆಗೆ ಗೆದ್ದು ಮಾಡಿದ ದೇಶಿ ಕವಾಟವನ್ನು ಮೊದಲು ಮನುಷ್ಯನಿಗೆ ಹಾಕಿದ್ದು 1990ರ ಡಿಸೆಂಬರಿನಲ್ಲಿ. ಆ ವಲಿಯತ್ತಾನರು ಆಮೇಲೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದರು, 2024ರಲ್ಲಿ ತೀರಿಕೊಂಡದ್ದೂ ಮಣಿಪಾಲದಲ್ಲೇ. ಹೃದಯದ ಎಡಭಾಗದ ಕವಾಟ ಕೆಟ್ಟವರಿಗೆ ಇಂಥ ಲೋಹದ ಕವಾಟ ಹಾಕುವುದು ಹೆಚ್ಚು. ಅದು ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ವಾರ್ಫರಿನ್ ಮಾತ್ರೆ ನುಂಗಬೇಕು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಕವಾಟಕ್ಕೇ ಹೆಪ್ಪು. ಆಗಾಗ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸಿ ಪ್ರಮಾಣ ಸರಿಮಾಡುತ್ತಿರಬೇಕು. ಒಂದು ವಾರ ಪೂರ್ತಿ ಬಸಳೆ ಹರಿವೆ ಸೊಪ್ಪು ತಿಂದು ಮುಂದಿನ ವಾರ ಮುಟ್ಟದಿದ್ದರೂ ಲೆಕ್ಕ ಏರುಪೇರಾಗುತ್ತದೆ. ಇಷ್ಟೆಲ್ಲವನ್ನೂ ಕರಾವಳಿಯ ಅಡುಗೆಮನೆಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದರೆ ಹೇಗೆ?

ಹಲ್ಲಿನ ವಿಷಯವಂತೂ ಯಾರೂ ಹೇಳುವುದೇ ಇಲ್ಲ. ಹುಳುಕು ಹಲ್ಲಿನಿಂದ, ಕೀವಾದ ಒಸಡಿನಿಂದ ರೋಗಾಣು ರಕ್ತಕ್ಕಿಳಿದು ತೇಪೆ ಹಾಕಿದ ಜಾಗದಲ್ಲೋ ಕೃತಕ ಕವಾಟದ ಮೇಲೋ ಮನೆಮಾಡುತ್ತದೆ. ವಾರಗಟ್ಟಲೆ ಬಿಡದ ಜ್ವರ ಬರುತ್ತದೆ. ಸಣ್ಣ ಕ್ಲಿನಿಕ್ಕಿನಲ್ಲಿ ಟೈಫಾಯಿಡ್ ಎಂದು ಮಾತ್ರೆ ಕೊಡುತ್ತಾರೆ, ಒಳಗೆ ಕವಾಟ ಕರಗುತ್ತಿರುತ್ತದೆ. ಕೃತಕ ಕವಾಟ ಇರುವವನು ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಆ ಮಾತು ಹೇಳಲೇಬೇಕು, ಮೊದಲೇ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಹೇಳಬೇಕಾದರೆ ಅವನಿಗೆ ಮೊದಲು ಗೊತ್ತಿರಬೇಕಲ್ಲ!

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮದುವೆ ಮಾತುಕತೆಯಲ್ಲಿ ಗೆರೆಯನ್ನು ಮುಚ್ಚಿಡುತ್ತಾರೆ, ಫೈಲನ್ನು ತವರುಮನೆಯ ಅಟ್ಟದಲ್ಲಿ ಬಿಟ್ಟು ಕಳಿಸುತ್ತಾರೆ. ಬಸಿರಾದಾಗ ಹೃದಯದ ಮೇಲೆ ಬೀಳುವ ಹೊರೆ ಒಂದೂವರೆ ಪಟ್ಟು ಎನ್ನುವಷ್ಟಾಗುತ್ತದೆ. ವಾರ್ಫರಿನ್ ನುಂಗುತ್ತಿದ್ದರೆ ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಕೂಸಿಗೆ ತೊಂದರೆ, ಹೇಳದೆ ನಿಲ್ಲಿಸಿದರೆ ತಾಯಿಯ ಕವಾಟಕ್ಕೆ ಹೆಪ್ಪು. ಮೊದಲೇ ತಜ್ಞರನ್ನು ಕಂಡರೆ ದಾರಿಯಿದೆ, ಬಹಳಷ್ಟು ಮಂದಿ ಸುಖವಾಗಿ ಹೆತ್ತಿದ್ದಾರೆ. ಗೆಳತಿಯರೇ, ಅಟ್ಟ ಹತ್ತಿ ಆ ಫೈಲು ಇಳಿಸಿಕೊಳ್ಳಿ. ಗಂಡನ ಮನೆಯವರು ಏನೆಂದುಕೊಂಡಾರು ಎಂಬುದು ಆಮೇಲಿನ ಮಾತು.

ಈಗ ನಮ್ಮ ಪತ್ರಿಕೆಯ ಮಾತಿಗೆ ಬರುತ್ತೇನೆ. ಬೆಂಗಳೂರಿನ ಬೀದಿಗಳಲ್ಲಿ 2023ರ ಡಿಸೆಂಬರಿನಲ್ಲಿ ನಾಮಫಲಕಕ್ಕಾಗಿ ಏನೇನು ನಡೆಯಿತು ಎಂದು ನಿಮಗೆ ಗೊತ್ತಿದೆ. ಲಾಠಿ ತಿಂದವರು, ಜೈಲಿಗೆ ಹೋದವರು ನಮ್ಮವರೇ. ಸರ್ಕಾರ ಮಣಿದು 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು, ಬೋರ್ಡಿನಲ್ಲಿ ಶೇ. 60 ಕನ್ನಡ ಎಂದಿತು. ಒಳ್ಳೆಯದಾಯಿತು. ಆದರೆ ಆಸ್ಪತ್ರೆಯ ಹೊರಗಿನ ಬೋರ್ಡಿನಲ್ಲಿ ಶೇ. 60 ಕನ್ನಡ, ಒಳಗೆ ಮಗುವಿನ ಫೈಲಿನಲ್ಲಿ ಶೇ. ಎಷ್ಟು? ಸೊನ್ನೆ. ಬೋರ್ಡು ಓದಿ ಒಳಗೆ ಹೋದ ತಾಯಿ ಕುರುಡಿಯಾಗಿ ಹೊರಗೆ ಬರುತ್ತಾಳೆ. ಬೋರ್ಡಿಗೆ ಮಸಿ ಬಳಿಯುವಾಗ ಇದ್ದ ನಮ್ಮ ರೋಷ ಈ ಸೊನ್ನೆಯ ಮುಂದೆ ಎಲ್ಲಿ ಹೋಗಿತ್ತು? ನಾನು ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವು ವೈದ್ಯರು ಬರೆದೂ ತೋರಿಸಿದರು, ಮೊಬೈಲಿನಲ್ಲಿ ಅದರ ಚಿತ್ರ ಊರೆಲ್ಲ ಓಡಾಡಿತು. ನನಗೂ ಖುಷಿಯಾಯಿತು. ಆದರೆ ಮರ್ಜಿ ಹಿಡಿಯದೆ ಒಂದು ಮಾತು ಹೇಳುತ್ತೇನೆ. ಔಷಧ ಚೀಟಿ ಓದುವವನು ಔಷಧದಂಗಡಿಯವನು. ಅವನಿಗೆ ಇಂಗ್ಲಿಷ್ ಹೆಸರು ಸಾಕು. ಮನೆಗೆ ಹೋಗುವಾಗ ಕೊಡುವ ಡಿಸ್ಚಾರ್ಜ್ ಹಾಳೆ ಮಾತ್ರ ರೋಗಿಯ ಬದುಕಿಗೆ ಸೇರಿದ್ದು. ಕನ್ನಡ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಇಂಗ್ಲಿಷ್ ಹಾಳೆಯನ್ನು ಹರಿದು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ನಾಳೆ ಅವನು ಪುಣೆಯಲ್ಲೋ ದುಬೈಯಲ್ಲೋ ಇದ್ದರೆ ಅಲ್ಲಿನ ವೈದ್ಯರಿಗೆ ಅದು ಬೇಕು. ಅದರ ಮೇಲೆ ಒಂದೇ ಒಂದು ಪುಟ ಕನ್ನಡ ಕೇಳುತ್ತಿದ್ದೇನೆ. ಏನು ದೋಷವಿತ್ತು, ಏನು ಮಾಡಿದೆವು, ಏನು ಉಳಿದಿದೆ, ಯಾವಾಗ ಬರಬೇಕು, ಯಾವ ಲಕ್ಷಣ ಕಂಡರೆ ಆ ದಿನವೇ ಓಡಿ ಬರಬೇಕು.

ಪದಗಳಿಲ್ಲ ಎನ್ನುತ್ತಾರೆ. ಇದು ಹಳೇ ರಾಗ. ಕವಾಟ ಎಂಬ ಪದ ನಮ್ಮ ಹೈಸ್ಕೂಲು ವಿಜ್ಞಾನ ಪುಸ್ತಕದಲ್ಲಿದೆ, ಹೃತ್ಕರ್ಣ ಹೃತ್ಕುಕ್ಷಿ ಇವೆ. ಇವೂ ಕಷ್ಟವೆನಿಸಿದರೆ ಮೇಲಿನ ಕೋಣೆ, ಕೆಳಗಿನ ಕೋಣೆ, ಬಾಗಿಲು, ಸೋರಿಕೆ, ತೇಪೆ ಇವೆ. ಮೇಲಿನ ನಾಲ್ಕು ಪ್ಯಾರಾಗಳಲ್ಲಿ ನಾನು ಬೇರೆ ಯಾವ ಪದ ಬಳಸಿದೆ? ನಾನು ವೈದ್ಯನಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು 'ತಾಯಿ-ಮಗು' ಬರೆದು ಎಷ್ಟೋ ಮನೆಗಳ ಬಾಣಂತಿಕೋಣೆಗೆ ವೈದ್ಯಕೀಯವನ್ನು ಕನ್ನಡದಲ್ಲಿ ತಲುಪಿಸಿದರು. ಡಿ.ಎಸ್. ಶಿವಪ್ಪನವರಂಥವರು ವೈದ್ಯಕೀಯ ಪದಗಳಿಗಾಗಿಯೇ ಜೀವ ತೇಯ್ದರು. ಪದ ಇದೆ. ಬರೆಯುವ ಮನಸ್ಸಿಲ್ಲ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪಟ್ಟಿಯೇ ಹೇಳುತ್ತದೆ. ಭಿಕ್ಷೆಯಲ್ಲ ಇದು, ಹಕ್ಕು.

ಇಲ್ಲೊಂದು ಮಾತು ಬದಿಗೆ. ನಮ್ಮ ಗೆಳೆಯನ ಮನೆಯೊಳಗಿನ ಮಾತು ಕೊಂಕಣಿ. ಭಟ್ಕಳಕ್ಕೆ ಹೋದರೆ ನವಾಯತಿ ಆಡುವ ಮನೆಗಳಿವೆ. ಕನ್ನಡದ ಹಾಳೆ ಕೇಳುವುದು ಅವರ ಮೇಲೆ ಹೇರಿಕೆಯಾಗದೇ ಎಂದು ಯಾರಾದರೂ ಜಾಣರು ಕೇಳಬಹುದು. ಆ ತಾಯಿ ಕೊಂಕಣಿಯಲ್ಲಿ ಬೈಯುತ್ತಾರೆ, ಕೊಂಕಣಿಯಲ್ಲಿ ಮುದ್ದು ಮಾಡುತ್ತಾರೆ, ಓದುವುದು ಕನ್ನಡದಲ್ಲಿ. ಈ ನಾಡಿನಲ್ಲಿ ಮನೆಮಾತು ಯಾವುದೇ ಇದ್ದರೂ ಓದಲು ಕಲಿತ ಬಡವರಿಗೆ ಕೈಗೆಟುಕಿದ ಲಿಪಿ ಕನ್ನಡವೇ.

ಭಾಷೆಯೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಮ್ಮ ವೇದಿಕೆಗಳಲ್ಲಿ ಆಗಾಗ ಕ್ವಿಬೆಕ್‌ನ ಹೆಸರು ಬರುತ್ತದೆ. 1977ರಲ್ಲಿ ಫ್ರೆಂಚ್ ಭಾಷೆಗೆ ಗಟ್ಟಿ ಕಾನೂನು ಮಾಡಿಕೊಂಡ ಕೆನಡಾದ ಪ್ರಾಂತ ಅದು. ಅಲ್ಲಿ ಆಸ್ಪತ್ರೆಯ ಖರ್ಚು ಸರ್ಕಾರದ್ದು, ಭಾಷೆ ಜನರದ್ದೇ. ಆದರೂ ಹುಟ್ಟಿನಿಂದ ಹೃದಯದೋಷ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 18 ದಾಟಿದ ಮೇಲೆ ಹೃದಯತಜ್ಞರ ಕಡೆ ತಲೆಯೇ ಹಾಕಿರಲಿಲ್ಲ ಎಂದು 2009ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನ ಹೇಳಿತು. ಹದಿನೆಂಟರ ವಯಸ್ಸೇ ಹಾಗೆ. ಅಪ್ಪ ಅಮ್ಮನ ಕೈ ಬಿಡಿಸಿಕೊಂಡು ಓಡುವ ವಯಸ್ಸು, ಆಸ್ಪತ್ರೆಯ ವಾಸನೆ ಕಂಡರಾಗದ ವಯಸ್ಸು. ಅದಕ್ಕೇ ಟೊರಾಂಟೊದಲ್ಲಿ 1959ರಲ್ಲೇ ಇಂಥ ದೊಡ್ಡವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ಶುರುವಾಯಿತು. ನಮ್ಮ ಪಕ್ಕದ ಕೇರಳ 2017ರಲ್ಲಿ 'ಹೃದ್ಯಂ' ಎಂಬ ಯೋಜನೆ ತಂದು ಹೃದಯದೋಷದ ಮಕ್ಕಳ ಹೆಸರು ನೋಂದಾಯಿಸಿ, ಆಪರೇಷನ್ ಮಾಡಿಸಿ, ಆಮೇಲೂ ಹಿಂದೆ ಬೀಳುತ್ತಿದೆ. ಮಲಯಾಳಿಗಳನ್ನು ಬೈಯುವಾಗ ನಮಗೆ ದೊಡ್ಡ ಬಾಯಿ ಇರುತ್ತದೆ. ಇದನ್ನು ಕಲಿಯುವುದಕ್ಕೆ ಸಣ್ಣ ಕಿವಿಯಾದರೂ ಇರಲಿ.

ನಮ್ಮಲ್ಲಿ ದುಡ್ಡಿನ ಯೋಜನೆಗಳು ಬಂದಿಲ್ಲವೆಂದಲ್ಲ. 2003ರಲ್ಲಿ ಯಶಸ್ವಿನಿ ಬಂತು, 2018ರಲ್ಲಿ ಆರೋಗ್ಯ ಕರ್ನಾಟಕ ಬಂತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳ ಎದೆಗೆ ಸ್ಟೆತಾಸ್ಕೋಪ್ ಇಡುತ್ತವೆ. ಎಷ್ಟೋ ಬಡಮಕ್ಕಳು ಇದರಿಂದ ಬದುಕಿದ್ದಾರೆ. ಆದರೆ ಆ ಕಾರ್ಯಕ್ರಮ 18ಕ್ಕೆ ಮುಗಿಯುತ್ತದೆ. ಸೋರಿಕೆ ಹಲ್ಲು ತೋರಿಸುವುದು 18ರ ನಂತರ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ಮಾಡಿ ಹೃದಯಾಘಾತವನ್ನು ಹಿಡಿಯುತ್ತದೆ. ಅಪ್ಪು ಹೆಸರಿಗೆ ತಕ್ಕ ಕೆಲಸವೇ. ಆದರೆ ಸೋರುವ ಕವಾಟದ ಲೆಕ್ಕ ಇ.ಸಿ.ಜಿ. ಪಟ್ಟಿಯೊಂದರಲ್ಲಿ ಸಿಗುವುದಿಲ್ಲ. ಅದಕ್ಕೆ ಎಕೋ ಬೇಕು, ಅದನ್ನು ಓದಬಲ್ಲ ಕಣ್ಣು ಬೇಕು.

ಆ ಕಣ್ಣು ಹುಡುಕಿಕೊಂಡು ಉತ್ತರ ಕನ್ನಡದವರು ಎಲ್ಲಿಗೆ ಹೋಗಬೇಕು? ದಕ್ಷಿಣಕ್ಕೆ ಮಣಿಪಾಲ, ಮಂಗಳೂರು. ಘಟ್ಟ ಹತ್ತಿದರೆ ಹುಬ್ಬಳ್ಳಿ. ಇಲ್ಲವೇ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರು. ಕುಮಟಾದಿಂದ ಮಣಿಪಾಲಕ್ಕೆ ಸುಮಾರು ನೂರೈವತ್ತು ಕಿಲೋಮೀಟರು. ತಾಯಿಗೆ ಒಂದು ದಿನದ ಮೀನು ವ್ಯಾಪಾರ ಹೋಯಿತು, ಮಗನಿಗೆ ಸಂಬಳ ಹೋಯಿತು. ಅದನ್ನು ಯಾವ ಯೋಜನೆಯೂ ಕೊಡುವುದಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಯ ಯುವಕರು 2019ರಲ್ಲೇ ಎತ್ತಿದ್ದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಮತ್ತೆ ಭುಗಿಲೆದ್ದಿತು. ಮಂತ್ರಿಗಳು ಬಂದರು, ಭರವಸೆ ಕೊಟ್ಟರು. 2024ರ ಜುಲೈ 16ರಂದು ಇನ್ನೊಂದು ಶಿರೂರು, ಅಂಕೋಲಾದ ಶಿರೂರು. ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು, ದಿನಗಟ್ಟಲೆ ರಸ್ತೆ ಬಂದ್ ಆಯಿತು. ಎರಡೂ ಶಿರೂರು, ಎರಡೂ ಜುಲೈ. ಮಳೆಗಾಲದಲ್ಲಿ ಈ ಕರಾವಳಿಯವನ ಹೃದಯ ಕೈಕೊಟ್ಟರೆ ಅವನ ಪಾಲಿಗೆ ಉಳಿಯುವುದು ದೇವರ ಹೆಸರಿನ ಬೀಚೊಂದೇ. ಆಸ್ಪತ್ರೆಯ ಹೋರಾಟವನ್ನು ಆ ಜಿಲ್ಲೆಯವರಷ್ಟೇ ಮಾಡಲಿ ಎಂದು ನಾವು ಬೆಂಗಳೂರಿನಲ್ಲಿ ಕೂತಿದ್ದೇವಲ್ಲ, ವಾರಾಂತ್ಯಕ್ಕೆ ಮಾತ್ರ ಅವರ ಸಮುದ್ರ ಬೇಕೇ ನಮಗೆ?

ಕಟ್ಟಡ ಏಳುವುದಕ್ಕೆ ವರ್ಷಗಳು ಬೇಕು, ಕೋಟಿಗಳು ಬೇಕು. ಒಂದು ಪುಟ ಕನ್ನಡಕ್ಕೆ ಏನು ಬೇಕು? ಮಕ್ಕಳ ಹೃದಯದ ಆಪರೇಷನ್ ಮಾಡುವ ಆಸ್ಪತ್ರೆಗಳು ಈ ರಾಜ್ಯದಲ್ಲಿ ನೂರಾರೇನಿಲ್ಲ. ನಾಲ್ಕು ನಾಲ್ಕು ಜನರಂತೆ ಹೋಗಿ, ಅಲ್ಲಿನ ಮುಖ್ಯಸ್ಥರ ಮುಂದೆ ಮರ್ಯಾದೆಯಿಂದ ಕೂತು, ಕನ್ನಡದ ಹಾಳೆ ಎಲ್ಲಿ ಸ್ವಾಮಿ ಎಂದು ಕೇಳೋಣ. ಅನುವಾದಕ್ಕೆ ಜನ ಇಲ್ಲವೆಂದರೆ ನಾವು ಮಾಡಿಕೊಡೋಣ, ವೈದ್ಯರು ತಿದ್ದಲಿ. ಸರ್ಕಾರದ ಯೋಜನೆಯಲ್ಲಿ ದುಡ್ಡು ಪಡೆಯುವ ಆಸ್ಪತ್ರೆಗೆ ಕನ್ನಡದ ಹಾಳೆ ಕಡ್ಡಾಯ ಎಂದು ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಕನ್ನಡಿಗರ ತೆರಿಗೆಯ ದುಡ್ಡು ಕನ್ನಡದಲ್ಲಿ ಲೆಕ್ಕ ಕೊಡಲಿ. ಮಗುವಿಗೆ 18 ತುಂಬಿದ ದಿನ ಆ ಹಾಳೆ ಅಮ್ಮನ ಟ್ರಂಕಿನಿಂದ ಅವನ ಕೈಗೆ ಬರಲಿ.

ನಮ್ಮ ಗೆಳೆಯ ಗೋಕರ್ಣದಿಂದ ಬಂದ ಎರಡು ವಾರಕ್ಕೆ ಬೆಂಗಳೂರಿನಲ್ಲಿ ಎಕೋ ಮಾಡಿಸಿದ. ಜೊತೆಗೆ ನಾನಿದ್ದೆ. ಕವಾಟ ಜೋರಾಗಿಯೇ ಸೋರುತ್ತಿದೆ, ಬಲಗಡೆಯ ಕೋಣೆ ಹಿಗ್ಗಿದೆ. ಎಂ.ಆರ್.ಐ. ಆಗಬೇಕು, ಆಮೇಲೆ ಕವಾಟದ ತೀರ್ಮಾನ. ವೈದ್ಯೆ ಹಾಸನದ ಕಡೆಯವರು. ಚೀಟಿಯ ಹಿಂಬದಿಗೆ ಹೃದಯದ ಚಿತ್ರ ಬರೆದು ಕಾಲು ಗಂಟೆ ಕನ್ನಡದಲ್ಲಿ ವಿವರಿಸಿದರು. ಇನ್ನೂ ತಡವಾಗಿಲ್ಲ ಎಂದರು. ಎಲ್ಲ ಮುಗಿದ ಮೇಲೆ ಇವನು ಮೆಲ್ಲಗೆ ಕೇಳಿದ, "ಮೇಡಂ, ಇದನ್ನೇ ನಮ್ಮ ಅಮ್ಮನಿಗೆ ಕನ್ನಡದಲ್ಲಿ ಬರೆದುಕೊಡ್ತೀರಾ?" ಅವರು ನಕ್ಕು, "ಕನ್ನಡ ಬರೆದು ಹದಿನೈದು ವರ್ಷ ಆಯ್ತಪ್ಪ" ಎಂದು ಪೆನ್ನು ತೆಗೆದುಕೊಂಡರು. ಐದು ಸಾಲು ಬರೆದರು. ಹೃತ್ಕುಕ್ಷಿಯ ಒತ್ತಕ್ಷರ ತಪ್ಪಿತ್ತು. ಇವನೇ ತಿದ್ದಿದ.

ಹಾಳೆಯ ಫೋಟೋ ತದಡಿಗೆ ಹೋಯಿತು. ರಾತ್ರಿ ತಾಯಿಯ ಫೋನು. ಅಕ್ಷರ ಕೂಡಿಸಿ ಕೂಡಿಸಿ ಐದೂ ಸಾಲು ಓದಿದರು. 'ಸೋರಿಕೆ' ಎಂಬಲ್ಲಿ ನಿಂತು, "ಸೋರುದು ಅಂದ್ರೆ, ಮಾಡು ಸೋರಿದ ಹಾಂಗೆಯಾ?" ಎಂದು ಕೇಳಿದರು. ಹೌದು ಎಂದ. ಸ್ವಲ್ಪ ಹೊತ್ತು ಮಾತಿಲ್ಲ.

"ಮಳೆಗಾಲದ ಒಳಗೆ ಮಾಡ್ಸಿಬಿಡ್ವ" ಎಂದರು.